ಯಂತ್ರ ಬರೆಯಬಹುದಾದದ್ದು, ಮುಖ್ಯಸ್ಥರೇ ಆಡಬೇಕಾದದ್ದು

2023ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದು ವಿದ್ಯಾರ್ಥಿಗಳು ಜೀವ ಕಳೆದುಕೊಂಡಾಗ, ಟೆನೆಸಿ ರಾಜ್ಯದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೀಬಾಡಿ ಕಾಲೇಜಿನ ಒಂದು ಕಚೇರಿ ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳುಹಿಸಿತು. ಪತ್ರದ ಭಾಷೆಯಲ್ಲಿ ಹೇಳಿಕೊಳ್ಳುವಂತಹ ಕುಂದಿರಲಿಲ್ಲ. ಆದರೆ ಅದರ ಕೊನೆಯಲ್ಲಿ, ಇದನ್ನು ಸಿದ್ಧಪಡಿಸಲು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಬಳಸಲಾಗಿದೆ ಎಂದು ತಿಳಿಸುವ ಒಂದು ಸಾಲಿತ್ತು. ವಿದ್ಯಾರ್ಥಿಗಳು ನೊಂದುಕೊಂಡರು; ಕಚೇರಿಯ ಅಧಿಕಾರಿಗಳು ಕ್ಷಮೆ ಕೇಳಬೇಕಾಯಿತು. ಅದೇ ಕಚೇರಿ ಅದೇ ತಂತ್ರಾಂಶದಿಂದ ಸಭೆಯ ವೇಳಾಪಟ್ಟಿಯನ್ನು ಬರೆಸಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಾವಿನ ಮನೆಗೆ ಬರಬೇಕಾದವರು ಆಳಿನ ಕೈಯಲ್ಲಿ ಹೂವಿನ ಹಾರ ಕಳುಹಿಸಿದರೆ ಮನೆಯವರಿಗೆ ಹೇಗನ್ನಿಸುತ್ತದೆಯೋ, ಆ ಪತ್ರವನ್ನು ಓದಿದವರಿಗೂ ಹಾಗೆಯೇ ಅನ್ನಿಸಿರಬೇಕು.

ಹುಬ್ಬಳ್ಳಿಯ ಲೆಕ್ಕಪತ್ರ ಕಚೇರಿಯಿರಲಿ, ಮಂಗಳೂರಿನ ಆಸ್ಪತ್ರೆಯಿರಲಿ, ಬೆಂಗಳೂರಿನ ಗ್ರಾಹಕ ಸೇವಾ ಕೇಂದ್ರವಿರಲಿ, ಹತ್ತರಿಂದ ಇನ್ನೂರು ಜನರ ಕೆಲಸಕ್ಕೆ ಹೊಣೆಯಾಗಿರುವವರು ಇಂದು ದಿನಕ್ಕೆ ಹಲವು ಬಾರಿ ಇಂತಹ ಆಯ್ಕೆಯ ಮುಂದೆ ನಿಲ್ಲುತ್ತಾರೆ. ಯಾವ ಮಾತನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಬಹುದು, ಯಾವುದಕ್ಕೆ ತಾವೇ ಕುರ್ಚಿ ಎಳೆದುಕೊಂಡು ಕೂರಬೇಕು, ಕುಳಿತ ಮೇಲೆ ಏನು ಹೇಳಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಲು ಯತ್ನಿಸಿದ್ದೇನೆ. ಇದಕ್ಕೆ ಬೇಕಾದ ಶಕ್ತಿಯನ್ನೇ ಭಾವನಾತ್ಮಕ ಬುದ್ಧಿಮತ್ತೆ ಎನ್ನುತ್ತಾರೆ. ಗ್ರಾಹಕ ಸೇವೆಯ ತಂಡಗಳನ್ನು ಹಲವು ವರ್ಷ ನಡೆಸಿದವನಾದ್ದರಿಂದ ನನ್ನ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ.

ಪದದ ಅರ್ಥ

ಭಾವನಾತ್ಮಕ ಬುದ್ಧಿಮತ್ತೆ ಎಂದರೆ ಸದಾ ನಗುಮುಖದಿಂದಿರುವುದು, ಯಾರ ಮನಸ್ಸನ್ನೂ ನೋಯಿಸದಂತೆ ನಯವಾಗಿ ಮಾತನಾಡುವುದು ಎಂದು ಹಲವರು ತಿಳಿದಿದ್ದಾರೆ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಈ ಪರಿಕಲ್ಪನೆಯನ್ನು ಮಂಡಿಸಿದ್ದು ಒಂದು ಬಗೆಯ ಅರಿವಿನ ಶಕ್ತಿಯಾಗಿ. 1995ರಲ್ಲಿ ಡೇನಿಯಲ್ ಗೋಲ್ಮನ್ ಬರೆದ ಪುಸ್ತಕದ ಮೂಲಕ ಅದು ವ್ಯವಹಾರ ಲೋಕದ ಮಾತಾಯಿತು. ಮೇಯರ್ ಮತ್ತು ಸಾಲೊವೆ 1997ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿ ಹೇಳಿದರು: ತನ್ನಲ್ಲೂ ಇತರರಲ್ಲೂ ಇರುವ ಭಾವನೆಯನ್ನು ಗುರುತಿಸುವುದು, ಯೋಚನೆಗೆ ಆ ಭಾವನೆಯ ನೆರವು ಪಡೆಯುವುದು, ಅದು ಎಲ್ಲಿಂದ ಹುಟ್ಟಿ ಎತ್ತ ಸಾಗುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳುವುದು, ಮತ್ತು ಅದನ್ನು ಹದವಾಗಿ ನಿಭಾಯಿಸುವುದು. ಕಟುವಾದ ತೀರ್ಮಾನವನ್ನು ಸ್ಪಷ್ಟವಾಗಿ ತಿಳಿಸುವುದಕ್ಕೂ ಈ ನಾಲ್ಕೂ ಬೇಕು.

ಇವುಗಳಲ್ಲಿ ಕೆಲವನ್ನು ಯಂತ್ರವೂ ಮಾಡಿ ತೋರಿಸುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. 2024ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಅನುಭವವನ್ನು ಬರೆದುಕೊಂಡವರಿಗೆ ಮನುಷ್ಯರ ಉತ್ತರಗಳಿಗಿಂತ ಕೃತಕ ಬುದ್ಧಿಮತ್ತೆಯ ಉತ್ತರಗಳೇ ‘ನನ್ನ ಮಾತನ್ನು ಕೇಳಿಸಿಕೊಂಡರು’ ಎಂಬ ಭಾವವನ್ನು ಹೆಚ್ಚಾಗಿ ನೀಡಿದವು. ಆದರೆ ಉತ್ತರ ಬಂದದ್ದು ಯಂತ್ರದಿಂದ ಎಂದು ತಿಳಿಸಿದಾಗ ಆ ಭಾವ ಕುಗ್ಗಿತು. ಒಳ್ಳೆಯ ಮಾತುಗಳು ಈಗ ಯಾರಿಗೂ ಕ್ಷಣಮಾತ್ರದಲ್ಲಿ ಸಿಗುತ್ತವೆ. ಹಾಗಾಗಿ ನಿಮ್ಮ ಸಿಬ್ಬಂದಿ ಮಾತಿನ ಸೊಗಸಿಗಿಂತ, ಅದರ ಹಿಂದೆ ನೀವು ಕೊಟ್ಟ ಸಮಯವನ್ನು ತೂಗಿ ನೋಡುತ್ತಾರೆ.

ಸಾಧನ ತರುವ ಮೊದಲು

ಒಂದು ಬಿಳಿ ಹಾಳೆಯಲ್ಲಿ ಕಳೆದ ತಿಂಗಳು ನೀವು ತಂಡಕ್ಕೆ ಬರೆದ, ಹೇಳಿದ ಎಲ್ಲವನ್ನೂ ನೆನಪಿಸಿಕೊಂಡು ಬರೆಯಿರಿ: ಪಾಳಿಯ ಪಟ್ಟಿ, ಸಭೆಯ ಟಿಪ್ಪಣಿ, ಗ್ರಾಹಕರಿಗೆ ಉತ್ತರ, ರಜೆಯ ನಿರಾಕರಣೆ, ಹೊಗಳಿಕೆ, ಎಚ್ಚರಿಕೆ, ಸಂತಾಪ. ಪ್ರತಿಯೊಂದರ ಮುಂದೆಯೂ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಇದು ತಪ್ಪಾದರೆ ನೋಯುವವರು ಯಾರು? ನೊಂದವರು ಬಂದು ‘ಹೀಗೇಕೆ’ ಎಂದು ಕೇಳಿದರೆ ಉತ್ತರಿಸಬೇಕಾದವರು ಯಾರು? ಮೊದಲನೆಯದಕ್ಕೆ ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಆ ಕೆಲಸವನ್ನು ಧೈರ್ಯವಾಗಿ ಸಾಧನಕ್ಕೆ ಬಿಡಿ. ಒಬ್ಬರ ಹೆಸರು ಬಂದರೆ, ಕರಡನ್ನು ಯಂತ್ರ ಬರೆದರೂ ತೀರ್ಮಾನ ನಿಮ್ಮದಾಗಿರಲಿ. ಎರಡನೆಯದಕ್ಕೆ ‘ನಾನೇ’ ಎಂಬ ಉತ್ತರ ಬಂದರೆ, ಆ ಮಾತನ್ನು ನೀವೇ ಆಡಬೇಕು. ನನ್ನ ಹಾಳೆಯಲ್ಲಿ ಮೂವತ್ತೊಂದು ಸಾಲುಗಳಿದ್ದವು. ಈ ಕೊನೆಯ ಗುಂಪಿಗೆ ಸೇರಿದವು ಏಳು ಮಾತ್ರ. ಇಪ್ಪತ್ತನಾಲ್ಕು ಕೆಲಸಗಳಿಂದ ಉಳಿದ ಸಮಯವನ್ನು ಈ ಏಳಕ್ಕೆ ಹಾಕುವುದೇ ಇಡೀ ವ್ಯವಸ್ಥೆಯ ಉದ್ದೇಶ ಎಂದು ನಾನು ಭಾವಿಸುತ್ತೇನೆ.

ಹೊಣೆಯನ್ನು ಯಂತ್ರದ ಹೆಗಲಿಗೆ ದಾಟಿಸಲು ಬರುವುದಿಲ್ಲ ಎಂಬುದನ್ನು ನ್ಯಾಯಮಂಡಳಿಯೊಂದೂ ಹೇಳಿದೆ. ಅಜ್ಜಿಯನ್ನು ಕಳೆದುಕೊಂಡು ವಿಮಾನದ ಟಿಕೆಟ್ ಹುಡುಕುತ್ತಿದ್ದ ಕೆನಡಾದ ಒಬ್ಬ ಪ್ರಯಾಣಿಕರಿಗೆ ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ (ಪ್ರಶ್ನೆಗಳಿಗೆ ತಾನಾಗಿಯೇ ಉತ್ತರಿಸುವ ತಂತ್ರಾಂಶ) ಶೋಕದ ಸಂದರ್ಭದ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ನೀಡಿತು. ದೂರು ಬಂದಾಗ ಸಂಸ್ಥೆ, ಚಾಟ್‌ಬಾಟ್ ತನ್ನ ಕೃತ್ಯಕ್ಕೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನು ಮುಂದಿಟ್ಟಿತು. ಆ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡುವಂತೆ ಆದೇಶಿಸಿತು. ಆ ವಾದವನ್ನು ಬಿಟ್ಟು, ಶೋಕದಲ್ಲಿದ್ದವರಿಗೆ ಮೊದಲ ದಿನವೇ ಯಾರಾದರೂ ಹಿರಿಯ ಅಧಿಕಾರಿ ಕರೆ ಮಾಡಿ ‘ತಪ್ಪು ನಮ್ಮದು’ ಎಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಸುದ್ದಿ ತಿಳಿಸುವ ದಿನ

ಹೊಸ ಸಾಧನ ಬರುತ್ತದೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸಿಬ್ಬಂದಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ನನ್ನ ಕೆಲಸ ಉಳಿಯುತ್ತದೆಯೇ? ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ನೀವು ತೋರಿಸುವ ಸ್ಲೈಡ್‌ಗಳಾಗಲಿ, ಕೊಡುವ ತರಬೇತಿಯಾಗಲಿ ತಲೆಯೊಳಗೆ ಇಳಿಯುವುದಿಲ್ಲ. ಗೃಹಸಾಲದ ಕಂತು ಕಟ್ಟುತ್ತಿರುವವರು, ಮಗುವನ್ನು ಈ ವರ್ಷ ಶಾಲೆಗೆ ಸೇರಿಸಿದವರು, ಊರಿನಲ್ಲಿ ತಂದೆತಾಯಿಗೆ ಹಣ ಕಳುಹಿಸುವವರು ನಿಮ್ಮ ಮುಂದೆ ಕುಳಿತಿರುತ್ತಾರೆ. ಆದ್ದರಿಂದ ಸಭೆಯನ್ನು ಸಾಧನದ ವರ್ಣನೆಯಿಂದ ಆರಂಭಿಸದೆ ಆ ಪ್ರಶ್ನೆಯಿಂದಲೇ ಆರಂಭಿಸಬೇಕು.

ಹೇಳಬೇಕಾದದ್ದನ್ನು ಮೂರು ಪಾಲು ಮಾಡಿಕೊಳ್ಳಿ. ತೀರ್ಮಾನವಾಗಿರುವುದು, ಇನ್ನೂ ತೀರ್ಮಾನವಾಗದಿರುವುದು, ಉಳಿದದ್ದು ಯಾವ ದಿನಾಂಕದೊಳಗೆ ತೀರ್ಮಾನವಾಗುತ್ತದೆ ಎಂಬುದು. ಉದಾಹರಣೆಗೆ ಹೀಗೆ ಹೇಳಬಹುದು: ‘ಈ ಸಾಧನ ಮೊದಲ ಮೂರು ತಿಂಗಳು ಇಮೇಲ್ ಉತ್ತರಗಳ ಕರಡನ್ನು ಮಾತ್ರ ಬರೆಯುತ್ತದೆ. ಈ ಮೂರು ತಿಂಗಳಲ್ಲಿ ಇದರ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಆಡಳಿತ ಮಂಡಳಿ ಒಪ್ಪಿದೆ. ಅದಾದ ಮೇಲೆ ತಂಡದ ಗಾತ್ರ ಎಷ್ಟಿರಬೇಕು ಎಂಬುದು ನಿರ್ಧಾರವಾಗಿಲ್ಲ; ಮೂರನೆಯ ತಿಂಗಳ ಕೊನೆಯ ದಿನದೊಳಗೆ ಆಗುತ್ತದೆ. ನಿರ್ಧಾರವಾದ ದಿನ ಹೊರಗಿನವರಿಂದ ನಿಮಗೆ ತಿಳಿಯಲು ಬಿಡುವುದಿಲ್ಲ, ನಾನೇ ಬಂದು ಹೇಳುತ್ತೇನೆ.’ ಕೊನೆಯ ವಾಕ್ಯವನ್ನು ಹೇಳುವ ಮುನ್ನ ಅದನ್ನು ಉಳಿಸಿಕೊಳ್ಳಬಲ್ಲಿರೇ ಎಂದು ನಿಮ್ಮ ಮೇಲಿನವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ‘ಯಾರೂ ಹೆದರಬೇಡಿ, ನಾವೆಲ್ಲ ಒಂದೇ ಕುಟುಂಬ’ ಎಂಬ ಭರವಸೆಯನ್ನು ದಯವಿಟ್ಟು ಕೊಡಬೇಡಿ. ಕುಟುಂಬದಲ್ಲಿ ಯಾರಿಗೂ ನೋಟಿಸ್ ಕೊಡುವುದಿಲ್ಲ ಎಂಬುದು ಕೇಳುವವರಿಗೆ ಗೊತ್ತಿದೆ.

ಆತುರದ ಘೋಷಣೆ ಸಂಸ್ಥೆಗೂ ಮುಳ್ಳಾಗಬಹುದು. ಸ್ವೀಡನ್ನಿನ ಹಣಪಾವತಿ ಸಂಸ್ಥೆ ಕ್ಲಾರ್ನಾ, ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆಗಳನ್ನು ನಿಭಾಯಿಸಿದೆ, ಅದು 700 ಪೂರ್ಣಾವಧಿ ಸಿಬ್ಬಂದಿಯ ಕೆಲಸಕ್ಕೆ ಸಮ ಎಂದು 2024ರ ಫೆಬ್ರುವರಿಯಲ್ಲಿ ಪ್ರಕಟಿಸಿತು. 2025ರ ಮೇ ತಿಂಗಳಿನಲ್ಲಿ ಅದರ ಮುಖ್ಯಸ್ಥ ಸೆಬಾಸ್ಟಿಯನ್ ಸೀಮಿಯಾಟ್ಕೊವ್‌ಸ್ಕಿ, ವೆಚ್ಚಕ್ಕೆ ಅತಿಯಾದ ಒತ್ತು ಕೊಟ್ಟದ್ದರಿಂದ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು, ಗ್ರಾಹಕರಿಗೆ ಬೇಕೆಂದಾಗ ಮನುಷ್ಯರೇ ಸಿಗುವಂತೆ ಮತ್ತೆ ನೇಮಕ ಮಾಡಿಕೊಳ್ಳುವುದಾಗಿ ತಿಳಿಸಿದರು. ಹೋದವರನ್ನು ಮತ್ತೆ ಕರೆಯಬಹುದು, ಆದರೆ ಉಳಿದವರ ಮನಸ್ಸಿನಲ್ಲಿ ಹೊಕ್ಕ ಅಳುಕು ಹಾಗೆ ಬೇಗ ಹೊರಡುವುದಿಲ್ಲ.

ಹಳಬರನ್ನು ಮರೆಯಬೇಡಿ

ಈ ಭಾಗವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಇದನ್ನು ಗಮನಿಸುವ ಮುಖ್ಯಸ್ಥರು ಕಡಿಮೆ. ಎರಿಕ್ ಬ್ರಿನ್ಯೋಲ್ಫ್‌ಸನ್, ಡ್ಯಾನಿಯೆಲ್ ಲಿ ಮತ್ತು ಲಿಂಡ್ಸೆ ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಸಾಫ್ಟ್‌ವೇರ್ ಕಂಪನಿಯ 5,179 ಗ್ರಾಹಕ ಸೇವಾ ಸಿಬ್ಬಂದಿಯ ಕೆಲಸವನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಪ್ರಕಟಿಸಿದರು. ಕೃತಕ ಬುದ್ಧಿಮತ್ತೆಯ ಸಲಹೆಯಿಂದ ಗಂಟೆಗೆ ಬಗೆಹರಿಸುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಮತ್ತು ಕೌಶಲ ಕಡಿಮೆ ಇದ್ದವರಲ್ಲಿ ಶೇ 34ರಷ್ಟು ಏರಿತು. ನುರಿತವರಲ್ಲಿ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಆ ಸಾಧನ ಕಲಿತದ್ದು ಹಿಂದಿನ ಸಂಭಾಷಣೆಗಳಿಂದ, ಅದರಲ್ಲೂ ಚೆನ್ನಾಗಿ ಕೆಲಸ ಮಾಡುತ್ತಿದ್ದವರ ರೀತಿಯಿಂದ. ಗ್ರಾಹಕರ ಮಾತಿನ ಧಾಟಿ ಹಿತವಾಯಿತು, ಮ್ಯಾನೇಜರನ್ನೇ ಕರೆಯಿರಿ ಎಂಬ ಬೇಡಿಕೆ ಇಳಿಯಿತು ಎಂಬುದೂ ಆ ವರದಿಯಲ್ಲಿದೆ.

ಲೆಕ್ಕದ ದೃಷ್ಟಿಯಿಂದ ಇದು ಸಂತೋಷದ ಸುದ್ದಿ. ಈಗ ಇದನ್ನೇ ಹನ್ನೆರಡು ವರ್ಷ ಫೋನಿನ ಮುಂದೆ ಕುಳಿತು, ಸಿಟ್ಟಿಗೆದ್ದ ಗ್ರಾಹಕರನ್ನು ಸಮಾಧಾನಪಡಿಸುವ ಹದವನ್ನು ಒಂದೊಂದಾಗಿ ಕಲಿತ ಒಬ್ಬ ಹಿರಿಯ ಸಹೋದ್ಯೋಗಿಯ ಕಡೆಯಿಂದ ನೋಡಿ. ತಾನು ಕಷ್ಟಪಟ್ಟು ಗಳಿಸಿದ ವಿದ್ಯೆ ನಿನ್ನೆ ಸೇರಿದವರ ಪರದೆಯ ಮೇಲೆ ಪುಕ್ಕಟೆಯಾಗಿ ಮೂಡುತ್ತಿದೆ. ತನ್ನ ಅಂಕಿಗಳು ಇದ್ದಲ್ಲೇ ಇವೆ. ಹೊಸಬರ ಅಂಕಿಗಳು ಜಿಗಿಯುತ್ತಿವೆ. ಸಭೆಯಲ್ಲಿ ಚಪ್ಪಾಳೆ ಅವರಿಗೆ ಬೀಳುತ್ತಿದೆ. ಇಂತಹವರು ಬಾಯಿಬಿಟ್ಟು ದೂರುವುದು ಅಪರೂಪ. ಸಾಧನದಲ್ಲಿ ದಿನಕ್ಕೊಂದು ತಪ್ಪು ಹುಡುಕುತ್ತಾರೆ, ಕಿರಿಯರಿಗೆ ಹೇಳಿಕೊಡುವುದನ್ನು ನಿಲ್ಲಿಸುತ್ತಾರೆ, ಒಂದು ದಿನ ರಾಜೀನಾಮೆ ಇಟ್ಟು ಹೊರಡುತ್ತಾರೆ. ಮುಖ್ಯಸ್ಥರು ಅದನ್ನು ‘ಬದಲಾವಣೆಗೆ ಒಗ್ಗದ ಹಳೆಯ ತಲೆ’ ಎಂದು ಬರೆದುಕೊಂಡು ಕೈತೊಳೆದುಕೊಂಡರೆ, ತಂಡದ ಬೇರನ್ನೇ ಕಿತ್ತಂತಾಗುತ್ತದೆ. ಮುಂದಿನ ವರ್ಷ ಆ ಸಾಧನಕ್ಕೆ ಕಲಿಸಲು ಯಾರ ಸಂಭಾಷಣೆಯೂ ಉಳಿದಿರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಸಾಧನ ಬರುವ ವಾರವೇ ಅಂತಹ ಹಿರಿಯರೊಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಭೇಟಿ ಮಾಡಿ, ‘ಇದು ನಿಮ್ಮ ಕೆಲಸವನ್ನು ನೋಡಿ ಕಲಿತದ್ದು, ಇದನ್ನು ಹೇಳದೆ ಬಿಟ್ಟರೆ ನನ್ನ ತಪ್ಪಾಗುತ್ತದೆ’ ಎಂದು ನೇರವಾಗಿ ಹೇಳಿ. ಅದನ್ನೇ ತಂಡದ ಸಭೆಯಲ್ಲೂ ಹೆಸರು ಹಿಡಿದು ಹೇಳಿ. ಯಂತ್ರದ ಸಲಹೆಗಳನ್ನು ತಿದ್ದುವ, ಅದು ಎಲ್ಲಿ ಎಡವುತ್ತದೆ ಎಂದು ಗುರುತಿಸುವ ಅಧಿಕಾರವನ್ನು ಅವರಿಗೆ ಕೊಟ್ಟು, ಆ ಸಮಯವನ್ನು ಕೆಲಸದ ಲೆಕ್ಕಕ್ಕೆ ಸೇರಿಸಿ, ಸಾಧ್ಯವಾದರೆ ಸಂಬಳದಲ್ಲೂ ಅದು ಕಾಣುವಂತೆ ಮಾಡಿ. ಗೌರವದ ಮಾತಿನ ಹಿಂದೆ ಹಣವೂ ಅಧಿಕಾರವೂ ಇಲ್ಲದಿದ್ದರೆ ಅದು ಬಾಯುಪಚಾರವೆಂದು ಅನುಭವಿಗಳಿಗೆ ಕೂಡಲೇ ಗೊತ್ತಾಗುತ್ತದೆ.

‘ಬೇಜಾರು’ ಎಂದರೆ ಯಾವುದು?

ಕನ್ನಡ ಮಾತನಾಡುವ ತಂಡದಲ್ಲಿ ಭಾವನೆಯನ್ನು ಗುರುತಿಸುವುದಕ್ಕೆ ಕನ್ನಡದ್ದೇ ಆದ ಕಿವಿ ಬೇಕು. ‘ಬೇಜಾರಾಗಿದೆ ಸರ್’ ಎಂದು ಒಬ್ಬರು ಹೇಳಿದರೆ, ಅದು ಕೆಲಸದ ಏಕತಾನತೆಯಿಂದ ಬಂದ ಜಡತೆಯಿರಬಹುದು, ದಣಿವಿರಬಹುದು, ನಿಮ್ಮ ಮಾತಿನಿಂದ ಆದ ನೋವಿರಬಹುದು, ಮನೆಯ ಯಾವುದೋ ದುಗುಡವಿರಬಹುದು. ‘ಆಯ್ತು ಮೇಡಂ’ ಎಂಬುದು ಮನಃಪೂರ್ವಕವಾದ ಒಪ್ಪಿಗೆಯೂ ಆಗಬಹುದು, ಇನ್ನು ವಾದ ಮಾಡಿ ಪ್ರಯೋಜನವಿಲ್ಲ ಎಂಬ ಸೋಲೂ ಆಗಬಹುದು. ‘ನೋಡೋಣ’ ಎಂದರೆ ಹೆಚ್ಚಿನ ಸಲ ಆಗುವುದಿಲ್ಲ ಎಂದೇ ಅರ್ಥ. ದಾಕ್ಷಿಣ್ಯಕ್ಕೆ ಸಿಕ್ಕಿದವರು ಇಲ್ಲ ಎನ್ನಲಾರದೆ ಹಾಗೆ ಹೇಳುತ್ತಾರೆ. ಚಾಟ್ ಸಂದೇಶಗಳನ್ನು ಓದಿ ತಂಡದ ಮನಃಸ್ಥಿತಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುವ ಸಾಧನಗಳು ಇಂತಹ ಮಾತುಗಳ ಮುಂದೆ, ಅದರಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದ ಕನ್ನಡದ ಮುಂದೆ ಸುಲಭವಾಗಿ ಎಡವುತ್ತವೆ.

ಹಾಗಾಗಿ ಕೇಳಿಯೇ ತಿಳಿಯಬೇಕು. ‘ಬೇಜಾರು’ ಎಂದವರನ್ನು ‘ಯಾಕೆ’ ಎಂದು ಪ್ರಶ್ನಿಸಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ಅದರ ಬದಲು, ‘ಸುಸ್ತಾಗಿದೆಯೋ, ಅಥವಾ ಯಾವುದಾದರೂ ಮಾತು ಮನಸ್ಸಿಗೆ ನಾಟಿದೆಯೋ?’ ಎಂದು ಎರಡು ದಾರಿ ತೋರಿಸಿ ಸುಮ್ಮನಾಗಿ. ಆ ಮೌನ ಹತ್ತು ಸೆಕೆಂಡಾದರೂ ಇರಲಿ. ನಮ್ಮ ಭಾಷೆಯಲ್ಲಿ ಅಳುಕು, ಕಳವಳ, ಮುಜುಗರ, ಕಸಿವಿಸಿ, ಇರುಸುಮುರುಸು, ಸಂಕೋಚ, ಅವಮಾನ ಎಂದು ಬೇರೆ ಬೇರೆ ಹೆಸರುಗಳಿರುವುದು ಸುಮ್ಮನೆ ಅಲ್ಲ. ಸರಿಯಾದ ಹೆಸರು ಸಿಕ್ಕ ಮೇಲೆ ಪರಿಹಾರವೂ ಬೇರೆಯಾಗುತ್ತದೆ. ಹೊಸ ಸಾಧನದ ಬಗ್ಗೆ ಕಳವಳವಿದ್ದವರಿಗೆ ಮಾಹಿತಿ ಬೇಕು, ಮುಜುಗರವಿದ್ದವರಿಗೆ ಯಾರೂ ನೋಡದೆ ಕಲಿಯುವ ಅವಕಾಶ ಬೇಕು, ಅವಮಾನವಾಗಿದೆ ಎನ್ನುವವರಿಗೆ ಕ್ಷಮೆ ಬೇಕು. ಸಭೆಗಳು ಇಂಗ್ಲಿಷಿನಲ್ಲಿ ನಡೆಯುವ ಕಚೇರಿಯಲ್ಲೂ ಕಷ್ಟದ ಮಾತನ್ನು ಕೇಳುವವರ ಮನೆಮಾತಿನಲ್ಲಿ ಆಡಲು ನಿಮಗೆ ಬರುವುದಾದರೆ ಹಾಗೆಯೇ ಆಡಿ.

ಕ್ಯಾಮೆರಾದಲ್ಲಿ ಮುಖ ನೋಡಿ, ಧ್ವನಿ ಕೇಳಿ ಭಾವನೆಯನ್ನು ಅಳೆಯುತ್ತೇವೆ ಎನ್ನುವ ಸಾಧನಗಳನ್ನು ಮಾರಲು ನಿಮ್ಮ ಬಳಿಗೂ ಯಾರಾದರೂ ಬರಬಹುದು. ಐರೋಪ್ಯ ಒಕ್ಕೂಟ ತನ್ನ ಕೃತಕ ಬುದ್ಧಿಮತ್ತೆ ಕಾಯ್ದೆಯ ಮೂಲಕ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಕೆಲಸದ ಸ್ಥಳದಲ್ಲಿ ಅಂತಹ ಬಳಕೆಯನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ನಮ್ಮಲ್ಲಿ ಯಾವ ನಿಯಮವಿದ್ದರೂ ಇಲ್ಲದಿದ್ದರೂ ಕೊಳ್ಳಬೇಡಿ ಎಂಬುದೇ ನನ್ನ ಸಲಹೆ. ಮುಖ ನೋಡಿ ಅಂಕ ಕೊಡುತ್ತಾರೆಂದು ತಿಳಿದ ದಿನದಿಂದ ಜನ ಮುಖವಾಡ ಹಾಕಿಕೊಂಡೇ ಕಚೇರಿಗೆ ಬರುತ್ತಾರೆ.

ತಪ್ಪು ಒಪ್ಪಿಕೊಂಡವರಿಗೆ ರಕ್ಷಣೆ

ಕೃತಕ ಬುದ್ಧಿಮತ್ತೆ ತಪ್ಪನ್ನೂ ಪೂರ್ಣ ಆತ್ಮವಿಶ್ವಾಸದ ಧಾಟಿಯಲ್ಲಿಯೇ ಹೇಳುತ್ತದೆ. ಅದನ್ನು ಮೊದಲು ಕಾಣುವವರು ಕೆಳಹಂತದಲ್ಲಿ ಪ್ರತಿದಿನ ಅದನ್ನು ಬಳಸುವವರು. ಅವರು ಬಾಯಿಬಿಡುತ್ತಾರೋ ಇಲ್ಲವೋ ಎಂಬುದು ನಿಮ್ಮ ಮುಖಭಾವವನ್ನು ಅವಲಂಬಿಸಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಂತಹ ತಂಡಗಳಲ್ಲಿ ತಪ್ಪನ್ನು ಮುಚ್ಚಿಡದೆ ಹೇಳುವ ಧೈರ್ಯವಿತ್ತು ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಹಾಗಾಗಿ ಸಾಧನ ಬಂದ ಮೊದಲ ತಿಂಗಳು ನಿಮ್ಮ ಬಳಿಗೆ ಒಂದೂ ದೂರು ಬಾರದಿದ್ದರೆ ಅದನ್ನು ಯಶಸ್ಸೆಂದು ತಿಳಿಯುವ ಮೊದಲು ಎರಡು ಬಾರಿ ಯೋಚಿಸಿ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ‘ಈ ವಾರ ಯಂತ್ರ ಎಲ್ಲಿ ತಪ್ಪಿತು, ನಾವು ಎಲ್ಲಿ ಅದನ್ನು ಕಣ್ಣುಮುಚ್ಚಿ ನಂಬಿದೆವು’ ಎಂದು ಕೇಳುವ ಸಭೆ ಇಟ್ಟುಕೊಳ್ಳಿ. ಮೊದಲ ತಪ್ಪು ನಿಮ್ಮದೇ ಆಗಿರಲಿ. ತಪ್ಪು ತಂದವರಿಗೆ ಧನ್ಯವಾದ ಹೇಳಿ, ಆಮೇಲೆ ವಿವರ ಕೇಳಿ. ಈ ಕ್ರಮ ಹಿಂದುಮುಂದಾಗಬಾರದು. ಸಾಧನವನ್ನು ಗುಟ್ಟಾಗಿ ಬಳಸುವವರೂ ಇರುತ್ತಾರೆ, ‘ತನ್ನ ತಲೆ ಓಡಿಸುವುದಿಲ್ಲ’ ಎಂಬ ಮಾತು ಬಂದೀತೆಂಬ ನಾಚಿಕೆಯಿಂದ. ನೀವು ಯಾವ ಕೆಲಸಕ್ಕೆ ಬಳಸಿದಿರಿ ಎಂದು ನೀವೇ ಮೊದಲು ಹೇಳಿಕೊಂಡರೆ ಆ ನಾಚಿಕೆ ಕರಗುತ್ತದೆ.

ಮೈಕ್ರೋಸಾಫ್ಟ್ 2016ರ ಮಾರ್ಚ್‌ನಲ್ಲಿ ಟ್ವಿಟರ್‌ಗೆ ಬಿಟ್ಟ ‘ಟೇ’ ಎಂಬ ಚಾಟ್‌ಬಾಟನ್ನು ಜನರು ಕೆಣಕಿ ಕೆಡಿಸಿದರು. ಅದು ದ್ವೇಷದ ಮಾತುಗಳನ್ನಾಡತೊಡಗಿ, ಒಂದು ದಿನ ತುಂಬುವ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಜಗತ್ತೆಲ್ಲ ನಗುತ್ತಿದ್ದಾಗ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿ 2014ರಿಂದ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸತ್ಯ ನಾದೆಲ್ಲ ಆ ತಂಡಕ್ಕೆ ಪತ್ರ ಬರೆದು, ಕೆಲಸ ಮುಂದುವರಿಸಿ, ನಾನು ನಿಮ್ಮೊಂದಿಗಿದ್ದೇನೆ, ಕಲಿಯುತ್ತ ಹೋಗುವುದು ಮುಖ್ಯ ಎಂಬರ್ಥದ ಮಾತು ಹೇಳಿದರು. ಅದೇ ಪತ್ರದಲ್ಲಿ ನೊಂದವರ ಬಗ್ಗೆ ಆಳವಾದ ಸಹಾನುಭೂತಿ ಇರಬೇಕೆಂಬ ಮಾತೂ ಇತ್ತು. ತಂಡ ತಲೆ ತಗ್ಗಿಸಿ ಕುಳಿತಿರುವ ದಿನ ಮುಖ್ಯಸ್ಥರಿಂದ ಬರುವ ನಾಲ್ಕು ಸಾಲುಗಳು ವರ್ಷಗಳ ಕಾಲ ನೆನಪಿರುತ್ತವೆ.

ಅಪ್ರೈಸಲ್ ಮತ್ತು ಕಹಿ ಸುದ್ದಿ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಒಂದು ವರ್ಷ ಸಮಯ ಸಾಲದೆ, ತಂಡದ ಹತ್ತೊಂಬತ್ತು ಜನರ ವಾರ್ಷಿಕ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಟಿಪ್ಪಣಿಗಳನ್ನು ಅಂಕಿಅಂಶಗಳನ್ನು ಕೊಟ್ಟು ಕೃತಕ ಬುದ್ಧಿಮತ್ತೆಯಿಂದಲೇ ಬರೆಸಿ, ಮೇಲೆ ಕಣ್ಣಾಡಿಸಿ ಸಹಿ ಹಾಕಿದೆ. ಒಬ್ಬ ಸಹೋದ್ಯೋಗಿಯ ಟಿಪ್ಪಣಿಯಲ್ಲಿ, ವರ್ಷದ ಎರಡನೆಯ ಭಾಗದಲ್ಲಿ ಅವರ ಬದ್ಧತೆ ಕುಗ್ಗಿದಂತೆ ತೋರುತ್ತದೆ ಎಂಬ ವಾಕ್ಯವಿತ್ತು. ಆ ತಿಂಗಳುಗಳಲ್ಲಿ ಅವರು ತಂದೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಅದಕ್ಕೆ ಪಾಳಿ ಬದಲಿಸಿಕೊಟ್ಟವನು ನಾನೇ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, ‘ಸರ್, ಇದನ್ನು ನೀವು ಓದಿದ್ದೀರಾ?’ ಎಂದು ಮಾತ್ರ ಕೇಳಿದರು. ನಾನು ಕ್ಷಮೆ ಕೇಳಿ ಹೊಸದಾಗಿ ಬರೆದೆ. ಅವರು ಅದನ್ನು ಸ್ವೀಕರಿಸಿದರು, ಆದರೆ ಮೊದಲಿನಂತೆ ಮನೆಯ ಕಷ್ಟವನ್ನು ನನ್ನೊಂದಿಗೆ ಮತ್ತೆಂದೂ ಹಂಚಿಕೊಳ್ಳಲಿಲ್ಲ.

ಅಂದಿನಿಂದ ಪಾಲಿಸುತ್ತಿರುವ ಕ್ರಮ ಇದು. ಟಿಪ್ಪಣಿ ತೆರೆಯುವ ಮೊದಲು, ಆ ವ್ಯಕ್ತಿಯ ಬಗ್ಗೆ ಅಂಕಿಗಳಲ್ಲಿ ಕಾಣದ ಮೂರು ಸಂಗತಿಗಳನ್ನು ನೆನಪಿನಿಂದ ಕೈಯಲ್ಲಿ ಬರೆಯುತ್ತೇನೆ. ಮೂರು ಹೊಳೆಯದಿದ್ದರೆ ನನಗೆ ಅವರ ಬಗ್ಗೆ ತೀರ್ಪು ಕೊಡುವಷ್ಟು ತಿಳಿದಿಲ್ಲವೆಂದು ಒಪ್ಪಿಕೊಂಡು, ಮೊದಲು ಅವರೊಂದಿಗೆ ಮಾತನಾಡುತ್ತೇನೆ. ಸಂಖ್ಯೆಗಳ ಸಾರಾಂಶವನ್ನು ಯಂತ್ರ ಮಾಡಿಕೊಡಲಿ. ಬದ್ಧತೆ, ಮನೋಭಾವ, ನಡವಳಿಕೆ ಎಂಬ ಪದಗಳಿರುವ ಯಾವ ವಾಕ್ಯವನ್ನೂ ಅದರಿಂದ ಸ್ವೀಕರಿಸುವುದಿಲ್ಲ. ಹಳೆಯ ದಾಖಲೆಯಿಂದ ಕಲಿತ ಯಂತ್ರ ಹಳೆಯ ಪಕ್ಷಪಾತವನ್ನೂ ಕಲಿಯುತ್ತದೆ ಎಂಬ ಭಯಕ್ಕೆ ಆಧಾರವಿದೆ: ಅಮೆಜಾನ್ ಪ್ರಯೋಗಿಸಿದ್ದ ನೇಮಕಾತಿ ಸಾಧನವೊಂದು ಮಹಿಳೆಯರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತೆಂದು ಸುದ್ದಿಸಂಸ್ಥೆ ರಾಯಿಟರ್ಸ್ 2018ರಲ್ಲಿ ವರದಿ ಮಾಡಿತ್ತು, ಸಂಸ್ಥೆ ಅದನ್ನು ಕೈಬಿಟ್ಟಿತ್ತು.

ಕೆಲಸದಿಂದ ತೆಗೆಯುವ ಸುದ್ದಿ ಇನ್ನೂ ಕಠಿಣ. ಅಮೆರಿಕದ ಬೆಟರ್ ಡಾಟ್ ಕಾಮ್ ಸಂಸ್ಥೆಯ ಮುಖ್ಯಸ್ಥ ವಿಶಾಲ್ ಗರ್ಗ್ 2021ರ ಡಿಸೆಂಬರ್‌ನಲ್ಲಿ ಸುಮಾರು 900 ಜನರನ್ನು ಒಂದೇ ಝೂಮ್ ಕರೆಯಲ್ಲಿ, ಕೆಲವೇ ನಿಮಿಷಗಳಲ್ಲಿ ಮನೆಗೆ ಕಳುಹಿಸಿ, ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅಂತಹ ಮಾತುಕತೆಯನ್ನು ಒಬ್ಬೊಬ್ಬರೊಂದಿಗೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಸಾಧ್ಯವಾದರೆ ಬೆಳಿಗ್ಗೆಯೇ ನಡೆಸಿ, ಶುಕ್ರವಾರದ ಸಂಜೆಗೆ ಇಡಬೇಡಿ. ಮೊದಲ ಎರಡು ವಾಕ್ಯಗಳಲ್ಲೇ ವಿಷಯ ಬಂದುಬಿಡಲಿ. ಹವಾಮಾನದ, ಟ್ರಾಫಿಕ್ಕಿನ ಮಾತಿನಿಂದ ಆರಂಭಿಸುವುದು ಕ್ರೌರ್ಯವಾಗುತ್ತದೆ. ಕಾರಣವನ್ನು ನಿಮ್ಮ ಮಾತಿನಲ್ಲಿ ಹೇಳಿ, ‘ಸಿಸ್ಟಮ್ ಹೀಗೆ ತೋರಿಸಿತು’ ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಅವರು ಅತ್ತರೆ ಅಳಲಿ, ಸಿಟ್ಟಾದರೆ ಸಿಟ್ಟಾಗಲಿ. ಗಡಿಯಾರ ನೋಡಬೇಡಿ, ಸಮಾಧಾನದ ಗಾದೆ ಹೇಳಬೇಡಿ. ಹಣ, ನೋಟಿಸ್ ಅವಧಿ, ವಿಮೆ, ಅನುಭವ ಪತ್ರಗಳ ವಿವರವನ್ನು ಬರಹದಲ್ಲಿ ಕೊಡಿ, ಏಕೆಂದರೆ ಆ ಹೊತ್ತಿನಲ್ಲಿ ಕೇಳಿದ್ದು ನೆನಪಿರುವುದಿಲ್ಲ. ಆ ಬರಹದ ಕರಡನ್ನು ಬೇಕಾದರೆ ಯಂತ್ರ ಸಿದ್ಧಪಡಿಸಲಿ. ಮರುದಿನ ನೀವೇ ಒಂದು ಕರೆ ಮಾಡಿ.

ನಿಮ್ಮ ಸಿಟ್ಟನ್ನು ತಣಿಸಲು ಯಂತ್ರ

ಒಂದು ಕೆಲಸಕ್ಕೆ ಈ ಸಾಧನಗಳು ನಿಜವಾಗಿಯೂ ಉಪಕಾರಿ ಎಂದು ನಾನು ಕಂಡುಕೊಂಡಿದ್ದೇನೆ, ಅದು ಕಠಿಣ ಮಾತಿನ ತಾಲೀಮು. ರಾತ್ರಿ ಹನ್ನೊಂದಕ್ಕೆ ಯಾರದೋ ಇಮೇಲ್ ಓದಿ ರಕ್ತ ಕುದಿಯುತ್ತಿರುವಾಗ, ಮೊದಲು ನಿಮ್ಮೊಳಗಿನ ಭಾವನೆಗೆ ಒಂದು ಹೆಸರು ಕೊಡಿ. ಹಾಗೆ ಹೆಸರಿಸುವುದರಿಂದ ಮಿದುಳಿನಲ್ಲಿ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಉದ್ರೇಕ ತಗ್ಗುವುದನ್ನು ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ತೋರಿಸಿದ್ದಾರೆ. ಆಮೇಲೆ ನಿಮ್ಮ ಉತ್ತರವನ್ನು ಬರೆದು, ಕಳುಹಿಸದೆ, ಸಾಧನವನ್ನು ಕೇಳಿ: ‘ಈ ಪತ್ರವನ್ನು ಓದುವ ಕಿರಿಯ ಸಹೋದ್ಯೋಗಿಗೆ ಯಾವ ವಾಕ್ಯ ಅವಮಾನವೆನ್ನಿಸಬಹುದು, ಯಾವ ಆರೋಪಕ್ಕೆ ನಾನು ಆಧಾರ ಕೊಟ್ಟಿಲ್ಲ ಎಂದು ತೋರಿಸು. ಪತ್ರವನ್ನು ತಿದ್ದಬೇಡ.’ ಕೊನೆಯ ಮಾತು ಮುಖ್ಯ, ತಿದ್ದುವ ಕೆಲಸ ನಿಮಗೇ ಇರಲಿ. ಕಳುಹಿಸುವುದು ಬೆಳಿಗ್ಗೆಯೇ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಇಂತಹ ಸಾಧನಗಳು ಬಳಸುವವರನ್ನು ಮೆಚ್ಚಿಸುವತ್ತ ವಾಲುತ್ತವೆ; 2025ರ ಏಪ್ರಿಲ್‌ನಲ್ಲಿ, ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್ ಎಐ ಸಂಸ್ಥೆ ತನ್ನ ಜಿಪಿಟಿ-4ಒ ಮಾದರಿಗೆ ಮಾಡಿದ್ದ ಬದಲಾವಣೆಯೊಂದನ್ನು, ಅದು ಅತಿಯಾಗಿ ಹೊಗಳುತ್ತಿದೆ ಎಂಬ ಕಾರಣಕ್ಕೇ ಹಿಂತೆಗೆದುಕೊಂಡಿತು. ಆದ್ದರಿಂದ ‘ನಾನು ಸರಿಯಲ್ಲವೇ’ ಎಂದು ಕೇಳದೆ, ‘ಎದುರಿನವರ ಪರವಾಗಿ ವಾದಿಸು’ ಎಂದು ಕೇಳಿ. ಇನ್ನೊಂದು, ಸಹೋದ್ಯೋಗಿಯ ಹೆಸರು, ಕಾಯಿಲೆ, ಮನೆಯ ವಿಚಾರ ಯಾವುದನ್ನೂ ಅದರಲ್ಲಿ ಬರೆಯಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶದಲ್ಲಿ 2023ರಲ್ಲಿಯೇ ಕಾಯ್ದೆಯಾಗಿದೆ. ಅದಕ್ಕೂ ಮೊದಲು, ನಂಬಿ ಹೇಳಿಕೊಂಡವರ ಗುಟ್ಟು ಅದು.

ಮೂರು ತಿಂಗಳು ಕಳೆದ ಮೇಲೆ ಆ ಬಿಳಿ ಹಾಳೆಯನ್ನು ಮತ್ತೆ ತೆಗೆಯಿರಿ. ಎಷ್ಟು ಗಂಟೆ ಉಳಿಯಿತು ಎಂಬ ಲೆಕ್ಕವನ್ನು ಸಾಧನವೇ ಕೊಡುತ್ತದೆ. ಅದರ ಪಕ್ಕದಲ್ಲಿ, ಈ ಅವಧಿಯಲ್ಲಿ ಎಷ್ಟು ಜನರೊಂದಿಗೆ ಒಬ್ಬೊಬ್ಬರಾಗಿ ಅರ್ಧ ಗಂಟೆಯಾದರೂ ಕುಳಿತು ಮಾತನಾಡಿದಿರಿ, ತಾವಾಗಿಯೇ ಬಂದು ತಪ್ಪು ಒಪ್ಪಿಕೊಂಡವರೆಷ್ಟು, ನಿಮ್ಮ ತೀರ್ಮಾನವನ್ನು ನಿಮ್ಮ ಎದುರಿಗೇ ಪ್ರಶ್ನಿಸಿದವರೆಷ್ಟು ಎಂದು ಬರೆಯಿರಿ. ಈ ಮೂರರಲ್ಲಿ ಯಾವುದಾದರೂ ಸೊನ್ನೆಯಾಗಿದ್ದರೆ, ಮುಂದಿನ ವಾರದ ದಿನಚರಿಯಿಂದ ಎರಡು ಸಭೆಗಳನ್ನು ತೆಗೆದುಹಾಕಿ, ತಂಡದಲ್ಲಿ ಅತಿ ಕಡಿಮೆ ಮಾತನಾಡುವವರೊಬ್ಬರನ್ನು ಕಾಫಿಗೆ ಕರೆಯಿರಿ.